ಬಸ್ಸಾರಿನ ಕಟ್ಟು ನಮಗೆ, ಸೊಪ್ಪು ಅಪ್ಪನಿಗೆ: ಕಿಡ್ನಿ ರೋಗಿಯ ತಟ್ಟೆಯಲ್ಲಿ ಏನಿರಬೇಕು?

ಕಿಡ್ನಿ ಕಾಯಿಲೆ ಬಂದವರಿಗೆ ಏನು ತಿನ್ನಬಾರದು ಅಂತ ಹೇಳೋಕೆ ಇಡೀ ಊರೇ ಸಾಲುಗಟ್ಟಿ ನಿಂತಿರುತ್ತೆ. ಉಪ್ಪು ಬೇಡ, ಬೇಳೆ ಬೇಡ, ಸೊಪ್ಪು ಬೇಡ, ಹಣ್ಣು ಬೇಡ, ಮಾಂಸವಂತೂ ಬೇಡವೇ ಬೇಡ, ನೀರು ಕುಡಿಯಬೇಡ. ಹಾಗಾದರೆ ಮಧ್ಯಾಹ್ನ ತಟ್ಟೆಗೆ ಏನು ಹಾಕೋದು ಅಂತ ಕೇಳಿದರೆ ಯಾರ ಬಳಿಯೂ ಉತ್ತರ ಇರಲ್ಲ. ನಮ್ಮಪ್ಪನಿಗೆ ಡಯಾಲಿಸಿಸ್ ಶುರುವಾದಾಗ ಒಂದು ಆಸ್ಪತ್ರೆಯಲ್ಲಿ ನಮ್ಮ ಕೈಗೆ ಕೊಟ್ಟ ಜೆರಾಕ್ಸ್ ಹಾಳೆ ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಕ್ರ್ಯಾನ್‌ಬೆರಿ ಜ್ಯೂಸ್ ಇತ್ತು, ಮುದ್ದೆ ಇರಲಿಲ್ಲ. ಮಂಡ್ಯ ಸೀಮೆಯ ಅರವತ್ತು ದಾಟಿದ ರೈತನೊಬ್ಬ ಆ ಹಾಳೆ ಇಟ್ಟುಕೊಂಡು ಏನು ಮಾಡಬೇಕು?

ಮೂರು ವರ್ಷದಿಂದ ಅಪ್ಪನ ಅಡುಗೆಯನ್ನು ನಾನು ಮತ್ತು ಅಮ್ಮ ಸೇರಿ ನೋಡಿಕೊಳ್ಳುತ್ತಿದ್ದೇವೆ. ಡಯಟಿಷಿಯನ್ ಒಬ್ಬರ ಹತ್ತಿರ ಕೂತು, ಪ್ರತಿ ತಿಂಗಳ ರಕ್ತದ ರಿಪೋರ್ಟ್ ಜೊತೆ ಹೋಲಿಸಿ ನೋಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಡಾಕ್ಟರ ಮಾತಿಗೆ ಬದಲಿ ಅಲ್ಲ. ಡಾಕ್ಟರನ್ನು ಏನು ಕೇಳಬೇಕು, ಅವರು ಹೇಳಿದ್ದನ್ನು ನಮ್ಮ ಒಲೆಯ ಮೇಲೆ ಹೇಗೆ ತರಬೇಕು ಅನ್ನೋದಕ್ಕೆ ಒಂದು ಕೈಪಿಡಿ ಅಂದುಕೊಳ್ಳಿ.

ಕಿಡ್ನಿ ಡಯಟ್ ಅನ್ನೋ ಒಂದೇ ಡಯಟ್ ಇಲ್ಲ

ಕಿಡ್ನಿ ಕೆಲಸವನ್ನು ಇಜಿಎಫ್‌ಆರ್ ಅನ್ನೋ ಸಂಖ್ಯೆಯಲ್ಲಿ ಅಳೀತಾರೆ. ಅದು ಮೂರು ತಿಂಗಳಿಗೂ ಹೆಚ್ಚು ಕಾಲ 60ಕ್ಕಿಂತ ಕೆಳಗಿದ್ದರೆ ದೀರ್ಘಕಾಲದ ಕಿಡ್ನಿ ಕಾಯಿಲೆ. 15ಕ್ಕಿಂತ ಕೆಳಗಿಳಿದರೆ ಐದನೇ, ಕೊನೆಯ ಹಂತ. ಮೂರನೇ ಹಂತದಲ್ಲಿರುವವರ ಊಟ ಬೇರೆ, ಡಯಾಲಿಸಿಸ್‌ನಲ್ಲಿರುವವರ ಊಟ ಬೇರೆ. ಕಸಿ ಆದವರದ್ದು ಇನ್ನೂ ಬೇರೆ, ಅದರ ಬಗ್ಗೆ ನಾನಿಲ್ಲಿ ಬರೆಯುತ್ತಿಲ್ಲ.

ನಮ್ಮ ಮನೆಗಳಲ್ಲಿ ಅತಿ ದೊಡ್ಡ ಎಡವಟ್ಟು ಆಗೋದು ಪ್ರೋಟೀನ್ ವಿಷಯದಲ್ಲಿ. ಡಯಾಲಿಸಿಸ್ ಶುರುವಾಗುವ ಮೊದಲು, ಮೂರರಿಂದ ಐದನೇ ಹಂತದವರಿಗೆ, ದೇಹತೂಕದ ಕೆಜಿಗೆ ದಿನಕ್ಕೆ 0.8 ಗ್ರಾಂ ಪ್ರೋಟೀನ್ ಇಟ್ಟುಕೊಳ್ಳಿ ಅಂತ 2024ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತೆ. ಕೆಲವರಿಗೆ ಡಾಕ್ಟರು ಅದಕ್ಕಿಂತಲೂ ಕಡಿಮೆ ಮಾಡಿಸಬಹುದು. ಆದರೆ ಡಯಾಲಿಸಿಸ್ ಶುರುವಾದ ದಿನದಿಂದ ಲೆಕ್ಕ ತಲೆಕೆಳಗು. ಯಂತ್ರ ರಕ್ತ ಶೋಧಿಸುವಾಗ ಕೊಳೆಯ ಜೊತೆ ಅಮೈನೋ ಆಮ್ಲಗಳೂ ಹೋಗಿಬಿಡುತ್ತವೆ, ಹಾಗಾಗಿ ಕೆಜಿಗೆ 1.0ರಿಂದ 1.2 ಗ್ರಾಂ ಬೇಕು. 55 ಕೆಜಿ ತೂಕದ ಮನುಷ್ಯನಿಗೆ ನಿನ್ನೆವರೆಗೆ 44 ಗ್ರಾಂ ಸಾಕಿತ್ತು, ಇವತ್ತಿನಿಂದ 55ರಿಂದ 66 ಗ್ರಾಂ.

ಈ ಬದಲಾವಣೆಯನ್ನು ಮನೆಯವರಿಗೆ ಕೂರಿಸಿ ಹೇಳೋರು ಬಹಳ ಕಡಿಮೆ. "ಬೇಳೆ ಮೊಟ್ಟೆ ಬಿಟ್ಟುಬಿಡಿ" ಅಂತ ಎರಡು ವರ್ಷದ ಹಿಂದೆ ಹೇಳಿದ ಮಾತೇ ಮುಂದುವರಿಯುತ್ತೆ. ಡಯಾಲಿಸಿಸ್ ಸೆಂಟರಿನ ಹೊರಗಿನ ಬೆಂಚಿನ ಮೇಲೆ ಕೂತು ನಾನು ಮಾತಾಡಿಸಿದ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಅನ್ನ, ತಿಳಿಸಾರು, ಅದೂ ಅರ್ಧ ಹೊಟ್ಟೆ. ತೋಳು ಕಡ್ಡಿ ಆಗುತ್ತೆ, ಅಲ್ಬುಮಿನ್ ಇಳಿಯುತ್ತೆ, ಸಣ್ಣ ಸೋಂಕಿಗೂ ಮನುಷ್ಯ ಮಲಗಿಬಿಡುತ್ತಾನೆ. ಊರವರು "ಕಾಯಿಲೆ ತಿಂದುಹಾಕ್ತು" ಅಂತಾರೆ. ತಿಂದುಹಾಕಿದ್ದರಲ್ಲಿ ಹಸಿವಿನದೂ ಪಾಲಿದೆ.

ಬಸಿಯೋದು ನಮಗೆ ಹೊಸದಲ್ಲ

ಪೊಟ್ಯಾಷಿಯಂ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಇದು ಹುಡುಗಾಟದ ವಿಷಯವಲ್ಲ. ಹಾಗಂತ ಎಲ್ಲ ಕಿಡ್ನಿ ರೋಗಿಗಳೂ ಎಲ್ಲ ತರಕಾರಿ, ಹಣ್ಣು ಬಿಡಬೇಕಾಗಿಲ್ಲ. ರಿಪೋರ್ಟಿನಲ್ಲಿ ಪೊಟ್ಯಾಷಿಯಂ ಸರಿಯಾಗಿದ್ದರೆ ಸುಮ್ಮನೆ ಹೆದರಿ ಬಿಡೋದರಿಂದ ಮಲಬದ್ಧತೆ ಬರುತ್ತೆ, ಅದು ಪೊಟ್ಯಾಷಿಯಮ್ಮನ್ನೇ ಇನ್ನಷ್ಟು ಏರಿಸುತ್ತೆ. ಮೊದಲು ರಿಪೋರ್ಟ್, ಆಮೇಲೆ ನಿಷೇಧ.

ಏರಿದೆ ಅಂತಾದರೆ ಮಾಡಬೇಕಾದ ಕೆಲಸ ಸರಳ. ಪೊಟ್ಯಾಷಿಯಂ ನೀರಿನಲ್ಲಿ ಕರಗುತ್ತೆ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಕುದಿಸಿ, ಆ ನೀರನ್ನು ಬಸಿದುಬಿಟ್ಟರೆ ಒಂದು ಪಾಲು ಅದರ ಜೊತೆ ಹೋಗುತ್ತೆ. ಆಲೂಗಡ್ಡೆ, ಸುವರ್ಣಗೆಡ್ಡೆ ತರಹದ ಗೆಡ್ಡೆಗಳನ್ನು ಎರಡು ಸಲ ನೀರು ಬದಲಿಸಿ ಕುದಿಸಬೇಕು. ಬರೀ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಹಾಕಿದರೆ ಹೆಚ್ಚು ಉಪಯೋಗವಿಲ್ಲ, ಕುದಿಯಲೇಬೇಕು. ಕುಕ್ಕರು ಎಷ್ಟು ಸಲ ಕೂಗಿದರೂ ಪ್ರಯೋಜನವಿಲ್ಲ, ಯಾಕಂದ್ರೆ ನೀರು ಒಳಗೇ ಉಳಿಯುತ್ತೆ, ನಾವು ಅದನ್ನೇ ಸಾರು ಮಾಡಿ ಬಡಿಸುತ್ತೇವೆ.

ಇಲ್ಲಿಗೆ ಬಂದಾಗ ನನಗೆ ನಮ್ಮ ಬಸ್ಸಾರು ನೆನಪಾಯಿತು. ಬೇಳೆ, ಸೊಪ್ಪು ಬೇಯಿಸಿ, ಬಸಿದು, ಕಟ್ಟಿನಲ್ಲಿ ಸಾರು, ಬೆಂದ ಸೊಪ್ಪಿನಲ್ಲಿ ಪಲ್ಯ. ವೈದ್ಯಶಾಸ್ತ್ರ ಹೇಳುವ ಕ್ರಮವನ್ನು ನಮ್ಮ ಹೆಂಗಸರು ಯಾವತ್ತಿನಿಂದಲೋ ಮಾಡುತ್ತಿದ್ದಾರೆ. ಒಂದೇ ವ್ಯತ್ಯಾಸ, ಬಸಿದ ನೀರನ್ನು ನಾವು ಚೆಲ್ಲಲ್ಲ, ಅದನ್ನೇ ಮಸಾಲೆ ರುಬ್ಬಿ ಹಾಕಿ ಉಣ್ಣುತ್ತೇವೆ. ಅಂದರೆ ಒಂದೇ ಪಾತ್ರೆಯಿಂದ ಹುಟ್ಟಿದ ಎರಡು ಅಡುಗೆಗಳಲ್ಲಿ ಪಲ್ಯ ಅಪ್ಪನಿಗೆ ಹೆಚ್ಚು ಸುರಕ್ಷಿತ, ಸಾರು ಅಪಾಯ. "ಬರೀ ಸಾರು ಬಿಡು, ಸೊಪ್ಪು ಬೇಡ" ಅನ್ನೋ ಮನೆಯ ಕಾಳಜಿ ಸರಿಯಾಗಿ ಉಲ್ಟಾ ಇದೆ!

ಈಗ ನಮ್ಮನೆಯಲ್ಲಿ ಹೀಗೆ ನಡೆಯುತ್ತೆ. ಬೇಳೆ, ಸೊಪ್ಪು ಉಪ್ಪಿಲ್ಲದೆ ಬೇಯುತ್ತೆ. ಚೆನ್ನಾಗಿ ಬಸಿದು, ಅಪ್ಪನ ಪಾಲಿನ ಪಲ್ಯ ಮೊದಲೇ ತೆಗೆದು ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಡ್ತೀವಿ, ಮೇಲೆ ಅರ್ಧ ಹೋಳು ನಿಂಬೆಹುಳಿ. ಉಳಿದಿದ್ದಕ್ಕೆ ಉಪ್ಪು ಬೀಳುತ್ತೆ, ಕಟ್ಟಿನ ಸಾರು ನಮಗೆ. ಅಪ್ಪನಿಗೆ ಸಾರು ಬೇಕೇ ಬೇಕು ಅನ್ನಿಸಿದ ದಿನ ಅದೇ ರುಬ್ಬಿದ ಖಾರವನ್ನು ಬೇರೆ ನೀರಿನಲ್ಲಿ ಕುದಿಸಿ ಒಂದು ಸೌಟು. ಎರಡು ಅಡುಗೆಮನೆ ಬೇಕಿಲ್ಲ, ಒಂದು ಸಣ್ಣ ಬಾಣಲೆ ಸಾಕು. ಉಪ್ಸಾರಿನಲ್ಲಿ ಮಾತ್ರ ಈ ಆಟ ಅಷ್ಟು ಸುಲಭವಲ್ಲ, ಅದರ ಹೆಸರಿನಲ್ಲೇ ಉಪ್ಪು ಕೂತಿದೆ.

ತರಕಾರಿಯಲ್ಲೂ ಆಯ್ಕೆ ಇದೆ. ಸೋರೆ, ಹೀರೆ, ಪಡವಲ, ಸೀಮೆಬದನೆ, ಎಲೆಕೋಸು, ಸೌತೆ ಹಗುರ. ನುಗ್ಗೆಸೊಪ್ಪು, ದಂಟು, ಪಾಲಕ್, ಗೆಣಸು, ಬಾಳೆಕಾಯಿ ಭಾರ. ಹಣ್ಣಿನಲ್ಲಿ ಸೇಬು, ಅನಾನಸ್ ಸಣ್ಣ ಹೋಳು ಪರವಾಗಿಲ್ಲ. ಬಾಳೆ, ಹಲಸು ಬೇಡ. ಧಾರೆಹುಳಿ ಅಂತಲೋ ಕಮರಾಕ್ಷಿ ಅಂತಲೋ ಕರೆಯುವ, ಕೊಯ್ದರೆ ನಕ್ಷತ್ರದ ಹಾಗೆ ಕಾಣುವ ಹಣ್ಣನ್ನು ಕಿಡ್ನಿ ರೋಗಿ ಮುಟ್ಟಲೇಬಾರದು. ಅದರಲ್ಲಿರುವ ವಿಷ ಕೆಟ್ಟ ಕಿಡ್ನಿಯಿಂದ ಹೊರಹೋಗದೆ ಮಿದುಳಿಗೆ ಏರುತ್ತೆ, ಸಾವೂ ಆಗಿದೆ. ಕರಾವಳಿಯ ಬಿಂಬುಳಿಯ ರಸ ಕುಡಿದು ಚೆನ್ನಾಗಿದ್ದ ಕಿಡ್ನಿಯೇ ಕೆಟ್ಟ ಪ್ರಕರಣಗಳು ಕೇರಳದಲ್ಲಿ ದಾಖಲಾಗಿವೆ.

ಇನ್ನು ಎಳನೀರು. ಮದ್ದೂರಿನ ಎಳನೀರು ಮಾರುಕಟ್ಟೆ ಪಕ್ಕದಲ್ಲೇ ಇರುವ ನಮ್ಮ ಸೀಮೆಯಲ್ಲಿ ರೋಗಿ ನೋಡೋಕೆ ಬರೋರು ಬರಿಗೈಯಲ್ಲಿ ಬರಲ್ಲ, ಎರಡು ಎಳನೀರು ತಂದೇ ತರ್ತಾರೆ. "ಕಿಡ್ನಿಗೆ ತಂಪು" ಅನ್ನೋ ನಂಬಿಕೆ ಬೇರೆ. ಒಂದು ಎಳನೀರಿನಲ್ಲಿ ಅರ್ಧ ಗ್ರಾಂಗೂ ಮೀರಿದ ಪೊಟ್ಯಾಷಿಯಂ ಇರುತ್ತೆ, ಅದೂ ದ್ರವರೂಪದಲ್ಲಿ, ಬೇಗ ರಕ್ತ ಸೇರುವಂತೆ. ಅದನ್ನು ಅಕ್ಕರೆಯಿಂದಲೇ ಇಸಿದುಕೊಂಡು, ತಂದವರಿಗೇ ಕುಡಿಸಿ ಕಳಿಸಿ.

ಬಿಳಿ ಅನ್ನಕ್ಕೆ ಮರ್ಯಾದೆ ಸಿಗುವ ಜಾಗ

ಆರೋಗ್ಯದ ರೀಲ್ಸ್ ನೋಡಿ ಬೆಳೆದ ನನ್ನಂಥವರಿಗೆ ಈ ಭಾಗ ಅರಗಿಸಿಕೊಳ್ಳೋದು ಕಷ್ಟ. ಪಾಲಿಶ್ ಅಕ್ಕಿ ವಿಷ, ಸಕ್ಕರೆ ವಿಷ, ಸಿರಿಧಾನ್ಯ ಅಮೃತ, ಬೆಲ್ಲ ಔಷಧಿ ಅಂತ ಕೇಳಿ ಕೇಳಿ ತಲೆ ತುಂಬಿದೆ. ಪೊಟ್ಯಾಷಿಯಂ, ರಂಜಕ ಎರಡೂ ಏರಿರುವ ರೋಗಿಯ ತಟ್ಟೆಯಲ್ಲಿ ಈ ಪಟ್ಟಿ ಮಗುಚಿಕೊಳ್ಳುತ್ತೆ. ಬಿಳಿ ಅಕ್ಕಿಯಲ್ಲಿ ಎರಡೂ ಕಡಿಮೆ, ರಾಗಿ, ಜೋಳ, ಗೋಧಿಯಲ್ಲಿ ಹೆಚ್ಚು. ಬೆಲ್ಲದಲ್ಲಿ ಪೊಟ್ಯಾಷಿಯಂ ಇದೆ, ಸಕ್ಕರೆಯಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಪಡಿತರ ಅಕ್ಕಿಯನ್ನು ಹೀಗಳೆಯೋರು ಒಮ್ಮೆ ಡಯಾಲಿಸಿಸ್ ರೋಗಿಯ ಮನೆಗೆ ಬಂದು ನೋಡಲಿ.

ಹಾಗಂತ ರಾಗಿಯನ್ನು ಗಡಿಪಾರು ಮಾಡಬೇಕಾ? ಇಲ್ಲ. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 400 ಮಿಲಿಗ್ರಾಂ ಪೊಟ್ಯಾಷಿಯಂ. 60 ಗ್ರಾಂ ಹಿಟ್ಟಿನ ಸಣ್ಣ ಮುದ್ದೆ ಅಂದರೆ 250ರ ಆಸುಪಾಸು. ಒಂದು ಎಳನೀರಿಗಿಂತ ಕಡಿಮೆ. ರಾಗಿಯಲ್ಲಿರುವ ರಂಜಕದ ಬಹುಪಾಲನ್ನು ನಮ್ಮ ಕರುಳು ಪೂರ್ತಿಯಾಗಿ ಹೀರಿಕೊಳ್ಳೋಕೆ ಆಗಲ್ಲ. ಕಾಳು, ಧಾನ್ಯಗಳ ರಂಜಕದಲ್ಲಿ ಅರ್ಧಕ್ಕಿಂತ ಕಡಿಮೆ ರಕ್ತ ಸೇರುತ್ತೆ. ಕಾರ್ಖಾನೆಯ ತಿನಿಸಿಗೆ ಸೇರಿಸುವ ಫಾಸ್ಫೇಟ್ ಮಾತ್ರ ಹೆಚ್ಚುಕಡಿಮೆ ಇಡಿಯಾಗಿ ಸೇರುತ್ತೆ. ಅಪ್ಪನಿಗೆ ಡಯಟಿಷಿಯನ್ ಒಪ್ಪಿಗೆ ಮೇಲೆ ರಾತ್ರಿ ಒಂದು ಸಣ್ಣ ಮುದ್ದೆ ಉಳಿದಿದೆ. ಅದು ಉಳಿದಿದ್ದರಿಂದ ಮಿಕ್ಕಿದ್ದನ್ನೆಲ್ಲ ಅವರು ಒಪ್ಪಿಕೊಂಡರು ಅನ್ನೋದು ನನ್ನ ಅನಿಸಿಕೆ. ರೊಟ್ಟಿ ಸೀಮೆಯವರು ಜೋಳದ ರೊಟ್ಟಿಯ ಬಗ್ಗೆ ಇದೇ ಲೆಕ್ಕ ಹಾಕಬಹುದು. ಅಲ್ಲಿ ನಿಜವಾದ ಸಮಸ್ಯೆ ರೊಟ್ಟಿಯಲ್ಲ, ಜೊತೆಗಿರುವ ಶೇಂಗಾ ಚಟ್ನಿಪುಡಿ ಮತ್ತು ಅದರ ಉಪ್ಪು.

ಸಕ್ಕರೆ ಕಾಯಿಲೆಯಿಂದಲೇ ಕಿಡ್ನಿ ಕೆಟ್ಟವರು ನಮ್ಮಲ್ಲಿ ಬಹಳ. ಅವರಿಗೆ ಅನ್ನದ ಅಳತೆ ಬೇರೆಯೇ ಇರಬೇಕು, ಇನ್ಸುಲಿನ್ ಜೊತೆ ಹೊಂದಬೇಕು. ಒಂದು ವಿಷಯ ಮಾತ್ರ ನೆನಪಿಡಿ. ಶುಗರ್ ದಿಢೀರ್ ಇಳಿದಾಗ ಕಿತ್ತಳೆ ಜ್ಯೂಸು, ಎಳನೀರು ಕೊಡಬೇಡಿ. ಅರ್ಧ ಲೋಟ ನೀರಿಗೆ ಮೂರು ಚಮಚ ಸಕ್ಕರೆ.

ಉಪ್ಪು, ನೀರು

ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ. ಸಾರಿನ ಉಪ್ಪಿಗಿಂತ ಕಣ್ಣಿಗೆ ಬೀಳದ ಉಪ್ಪೇ ಜಾಸ್ತಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ಖಾರ, ರೆಡಿಮೇಡ್ ಸಾಂಬಾರ್ ಮಿಕ್ಸ್. ಮಂಡಕ್ಕಿ ಸಪ್ಪೆ ಅಂದುಕೊಳ್ತೀವಿ, ಹುರಿಯುವಾಗಲೇ ಅದಕ್ಕೆ ಉಪ್ಪು ಸೇರಿರುತ್ತೆ. ಅವಲಕ್ಕಿ ವಾಸಿ. ಅಡುಗೆ ಸೋಡಾದಲ್ಲೂ ಸೋಡಿಯಂ ಇದೆ. ಸೈಂಧವ ಲವಣ, ಕಲ್ಲುಪ್ಪು ಎಲ್ಲವೂ ಮೂಲತಃ ಅದೇ ಉಪ್ಪು.

ನಿಜಕ್ಕೂ ಹೆದರಬೇಕಾದದ್ದು "ಕಡಿಮೆ ಸೋಡಿಯಂ" ಅಂತ ಬರೆದ ಉಪ್ಪಿಗೆ. ಅದರಲ್ಲಿ ಸೋಡಿಯಂ ಜಾಗಕ್ಕೆ ಪೊಟ್ಯಾಷಿಯಂ ಕ್ಲೋರೈಡ್ ತುಂಬಿರ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಉಪ್ಪನ್ನು ಜನಸಾಮಾನ್ಯರಿಗೆ ಶಿಫಾರಸು ಮಾಡಿದಾಗಲೂ ಕಿಡ್ನಿ ತೊಂದರೆ ಇರುವವರನ್ನು ಹೊರಗಿಟ್ಟೇ ಹೇಳಿತು. ಬಿಪಿಗೆ ಒಳ್ಳೇದು ಅಂತ ಮಗ ಆನ್‌ಲೈನಿನಲ್ಲಿ ತರಿಸಿಕೊಡುವ ಪೊಟ್ಟಣ ಅಪ್ಪನಿಗೆ ಅಪಾಯವಾಗಬಹುದು.

ನೀರಿನ ಕಟ್ಟುಪಾಡು ಎಲ್ಲರಿಗೂ ಇಲ್ಲ. ಮೂತ್ರ ಕಡಿಮೆಯಾದ ಡಯಾಲಿಸಿಸ್ ರೋಗಿಗೆ ಸಾಮಾನ್ಯವಾಗಿ ಹೇಳೋ ಲೆಕ್ಕ, ಹಿಂದಿನ ದಿನ ಹೋದ ಮೂತ್ರದಷ್ಟು, ಜೊತೆಗೆ ಅರ್ಧ ಲೀಟರ್. ಕಾಫಿ, ಮಜ್ಜಿಗೆ, ಸಾರು, ಕರಾವಳಿಯವರ ಕುಚ್ಚಲಕ್ಕಿ ಗಂಜಿಯ ತಿಳಿ ಎಲ್ಲವೂ ಅದರೊಳಗೇ ಬರಬೇಕು. ಬೆಳಗ್ಗೆ ಒಂದು ಬಾಟಲಿಗೆ ಆ ಅಳತೆ ತುಂಬಿಟ್ಟು, ಬೇರೇನು ಕುಡಿದರೂ ಅಷ್ಟು ನೀರನ್ನು ಬಾಟಲಿಯಿಂದ ಚೆಲ್ಲೋದು ನಮ್ಮ ವಿಧಾನ. ಉಪ್ಪು ಇಳಿಸದೆ ಬಾಯಾರಿಕೆ ಇಳಿಸೋಕೆ ಆಗಲ್ಲ. ಮೂರನೇ ವಾರದ ಹೊತ್ತಿಗೆ ನಾಲಿಗೆ ಒಗ್ಗಿಕೊಂಡಿತು ಅಂತ ಅಪ್ಪನೇ ಹೇಳಿದರು.

ಒಂದು ದಿನದ ಲೆಕ್ಕ

55 ಕೆಜಿಯ, ಮಾಂಸಾಹಾರಿ, ಡಯಾಲಿಸಿಸ್‌ನಲ್ಲಿರುವ ವ್ಯಕ್ತಿ ಅಂತಿಟ್ಟುಕೊಳ್ಳಿ. ಬೆಳಗ್ಗೆ ಮೂರು ಇಡ್ಲಿ, ತೆಳುವಾಗಿ ಕಾಯಿ ಹಾಕಿದ ಚಟ್ನಿ, ಒಂದು ಇಡೀ ಮೊಟ್ಟೆ, ಇನ್ನೊಂದರ ಬಿಳಿಭಾಗ. ಇದರಲ್ಲಿ 16 ಗ್ರಾಂ ಪ್ರೋಟೀನ್ ಬಂತು. ಮಧ್ಯಾಹ್ನ 100 ಗ್ರಾಂ ಅಕ್ಕಿಯ ಅನ್ನ, ಹೀರೆಕಾಯಿ ಪಲ್ಯ, 30 ಗ್ರಾಂ ಬೇಳೆಯ ತೊವ್ವೆ, ಉಪ್ಪು ಕಡಿಮೆ ಹಾಕಿದ ಮೂರ್ನಾಲ್ಕು ತುಂಡು ಕೋಳಿ, ಅಂದರೆ ಹಸಿಯಲ್ಲಿ 75 ಗ್ರಾಂನಷ್ಟು, ಒಂದು ಸಣ್ಣ ಬಟ್ಟಲು ಗಟ್ಟಿ ಮೊಸರು. ಅಲ್ಲಿಗೆ 32 ಗ್ರಾಂ. ಸಂಜೆ ಅವಲಕ್ಕಿ ಒಗ್ಗರಣೆ 3. ರಾತ್ರಿ ಸಣ್ಣ ಮುದ್ದೆ, ಬಸಿದ ಸೊಪ್ಪಿನ ಪಲ್ಯ, ಒಂದು ಮೊಟ್ಟೆ 10. ಒಟ್ಟು 61ರ ಹತ್ತಿರ. ಡಯಾಲಿಸಿಸ್ ಇನ್ನೂ ಶುರುವಾಗಿಲ್ಲದವರು ಇದೇ ತಟ್ಟೆಯಿಂದ ಕೋಳಿ ಮತ್ತು ಬೆಳಗಿನ ಆ ಬಿಳಿಭಾಗ ತೆಗೆದರೆ 43ಕ್ಕೆ ಬರುತ್ತೆ. ಸಸ್ಯಾಹಾರಿಗಳು ಮೊಟ್ಟೆ, ಕೋಳಿಯ ಜಾಗಕ್ಕೆ ಮನೆಯಲ್ಲಿ ಹಾಲು ಒಡೆಸಿ ಮಾಡಿದ ಪನೀರು, ಸೋಯಾ, ಬೇಯಿಸಿ ಬಸಿದ ಕಾಳು ತರಬಹುದು. ಆದರೆ ಅವರ ರಂಜಕದ ಮೇಲೆ ಕಣ್ಣಿಡಬೇಕು. ಮೊಟ್ಟೆಯ ಬಿಳಿಭಾಗದಷ್ಟು ಅಗ್ಗದ, ರಂಜಕ ಇಲ್ಲದಷ್ಟು ಕಡಿಮೆ ಇರುವ ಪ್ರೋಟೀನ್ ನನಗೆ ಗೊತ್ತಿರುವ ಮಟ್ಟಿಗೆ ಬೇರೆ ಇಲ್ಲ. ಶಾಲಾ ಮಕ್ಕಳ ತಟ್ಟೆಯಿಂದ ಮೊಟ್ಟೆ ಕಿತ್ತುಕೊಳ್ಳೋಕೆ ಹೊರಟವರ ಮುಂದೆ ಈ ಮಾತನ್ನೂ ಇಡಬೇಕು ಅನ್ಸುತ್ತೆ.

ಡಯಾಲಿಸಿಸ್ ದಿನ ಲೆಕ್ಕ ಕೆಡುತ್ತೆ. ಬೆಳಗಿನ ಬಸ್ಸು, ನಾಲ್ಕು ತಾಸು ಯಂತ್ರ, ಆಮೇಲೆ ಸುಸ್ತು. ಕೈಗೆ ಸಿಗೋದು ಆಸ್ಪತ್ರೆ ಎದುರಿನ ಬೇಕರಿಯ ಪಫ್ಸು. ಯಂತ್ರದಲ್ಲಿರುವಾಗ ಉಂಡರೆ ಕೆಲವರಿಗೆ ಬಿಪಿ ಇಳಿಯುತ್ತೆ, ಅದಕ್ಕೆ ನಾವು ಮುಂಚೆಯೇ ಉಣ್ಣಿಸಿ, ಮುಗಿದ ಮೇಲೆ ತಿನ್ನೋಕೆ ಡಬ್ಬಿಯಲ್ಲಿ ಇಡ್ಲಿ, ಮೊಟ್ಟೆ ಕಟ್ಟಿಕೊಂಡು ಹೋಗ್ತೀವಿ.

ಬೇಯಿಸೋದು ಯಾರು?

ಇಷ್ಟು ಹೊತ್ತು "ನಾವು" ಅಂದೆ. ನಿಜ ಹೇಳಬೇಕಂದ್ರೆ ವಾರದ ಐದು ದಿನ ಇದೆಲ್ಲ ಅಮ್ಮನ ಮೇಲೆ. ರೋಗಿ ಗಂಡಸಾದರೆ ಅಳತೆ ಮಾಡಿ ಬೇಯಿಸೋಕೆ ಹೆಂಡತಿಯೋ ಸೊಸೆಯೋ ಇರ್ತಾರೆ. ರೋಗಿ ಹೆಂಗಸಾದರೆ? ಸೆಂಟರಿನಲ್ಲಿ ಪರಿಚಯವಾದ ಅಕ್ಕ ಒಬ್ಬರು ಡಯಾಲಿಸಿಸ್ ಮುಗಿಸಿ ಮನೆಗೆ ಹೋಗಿ ಎಂಟು ಜನಕ್ಕೆ ಅಡುಗೆ ಮಾಡ್ತಾರೆ, ಕೊನೆಯಲ್ಲಿ ಉಳಿದ ಸಾರಲ್ಲೇ ಉಣ್ತಾರೆ. "ನನಗೊಬ್ಬಳಿಗೆ ಬೇರೆ ಮಾಡಿಕೊಂಡ್ರೆ ಮನೇಲಿ ಏನಂದುಕೊಳ್ತಾರೆ?" ಅಂದರು. ನಮ್ಮ ದೇಶದಲ್ಲಿ ಬದುಕಿರುವಾಗ ಕಿಡ್ನಿ ಕೊಡೋರಲ್ಲಿ ಹೆಂಗಸರೇ ಹೆಚ್ಚು, ಪಡೆಯೋರಲ್ಲಿ ಗಂಡಸರೇ ಹೆಚ್ಚು. ತಟ್ಟೆಯಲ್ಲೂ ಅದೇ ಲೆಕ್ಕ ನಡೀತಿದೆ. ಮೇಲೆ ಹೇಳಿದ ಬಸ್ಸಾರಿನ ಉಪಾಯ ಇಂಥವರಿಗೇ ಹೆಚ್ಚು ಉಪಯೋಗ, ಯಾಕಂದ್ರೆ ಪ್ರತ್ಯೇಕ ಅಡುಗೆ ಅಂತ ಯಾರಿಗೂ ಕಾಣಲ್ಲ.

ಯಂತ್ರಕ್ಕೆ ದುಡ್ಡಿದೆ, ಮೊಟ್ಟೆಗಿಲ್ಲ

2016ರಲ್ಲಿ ಶುರುವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಡವರಿಗೆ ಉಚಿತವಾಗಿ ಯಂತ್ರದ ಚಿಕಿತ್ಸೆ ಕೊಡುತ್ತೆ. ಅದು ಉಳಿಸಿದ ಜೀವಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದರೆ ಆ ಕಾರ್ಯಕ್ರಮದ ಪ್ರಕಾರ ರೋಗಿಗೆ ರಕ್ತ ಇದೆ, ಹೊಟ್ಟೆ ಇಲ್ಲ. ಅದೇ ಕ್ಷಯ ರೋಗಿಗೆ 2018ರಿಂದ ನಿಕ್ಷಯ್ ಪೋಷಣ್ ಯೋಜನೆಯಡಿ ಊಟಕ್ಕೆಂದೇ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರಿನಿಂದ ಅದು 1000 ಆಗಿದೆ. ಔಷಧಿಯ ಜೊತೆ ಆಹಾರವೂ ಚಿಕಿತ್ಸೆ ಅಂತ ಸರ್ಕಾರ ಒಂದು ಕಾಯಿಲೆಯಲ್ಲಿ ಒಪ್ಪಿಕೊಂಡಿದೆ. ಪಕ್ಕದ ಆಂಧ್ರದಲ್ಲಿ ಡಯಾಲಿಸಿಸ್ ರೋಗಿಗಳಿಗೆ ಮಾಸಿಕ ಪಿಂಚಣಿ ಇದೆ. ದಿನಕ್ಕೆ ಎರಡು ಮೊಟ್ಟೆ, ಒಂದಕ್ಕೆ 7 ರೂಪಾಯಿ ಅಂತ ಹಿಡಿದರೂ ತಿಂಗಳಿಗೆ 420 ರೂಪಾಯಿ. ವಾರಕ್ಕೆ ಎರಡು ಮೂರು ಸಲ ರೋಗಿ ತಾನಾಗೇ ಆಸ್ಪತ್ರೆಗೆ ಬರ್ತಾನೆ, ಹುಡುಕಿಕೊಂಡು ಹೋಗುವ ಕಷ್ಟವೂ ಇಲ್ಲ. ಅಲ್ಲೇ ಒಂದು ಬೇಯಿಸಿದ ಮೊಟ್ಟೆ ಕೊಡೋಕೆ, ಕನ್ನಡದಲ್ಲಿ ಮಾತಾಡುವ ಒಬ್ಬ ಡಯಟಿಷಿಯನ್ನನ್ನು ತಾಲೂಕಿಗೆ ವಾರಕ್ಕೊಮ್ಮೆ ಕಳಿಸೋಕೆ ಯಾವ ಹೊಸ ಕಟ್ಟಡವೂ ಬೇಕಿಲ್ಲ.

ಎರಡನೇ ಕೊರತೆ ಪೊಟ್ಟಣಗಳದ್ದು. ನಮ್ಮ ಆಹಾರ ಲೇಬಲ್ ನಿಯಮದ ಪ್ರಕಾರ ಸೋಡಿಯಂ ಎಷ್ಟಿದೆ ಅಂತ ಬರೆಯೋದು ಕಡ್ಡಾಯ, ಪೊಟ್ಯಾಷಿಯಂ, ರಂಜಕ ಬರೆಯಬೇಕಿಲ್ಲ. ವಿವರ ಇಂಗ್ಲಿಷ್ ಅಥವಾ ದೇವನಾಗರಿ ಹಿಂದಿಯಲ್ಲಿ ಇದ್ದರೆ ಸಾಕು, ಕನ್ನಡ ಕಂಪನಿಯ ಇಷ್ಟ. ಬೋರ್ಡಿನ ಮೇಲೆ ಕನ್ನಡ ಬೇಕು ಅಂತ ಬೀದಿಗಿಳಿಯುವ ನಾವು ಬಿಸ್ಕತ್ತಿನ ಹಿಂಬದಿಯನ್ನೂ ಆ ಪಟ್ಟಿಗೆ ಸೇರಿಸಬೇಕು. ಅಲ್ಲಿಯವರೆಗೆ, ಓದು ಬಾರದ ಅಮ್ಮನಿಗೆ ನಾನು ಕ್ಯಾಲೆಂಡರಿನ ಹಿಂದೆ ಬರೆದುಕೊಟ್ಟಿರುವ ಸಂಖ್ಯೆಗಳಿವು: 338, 339, 340, 341, 450, 451, 452. ಪದಾರ್ಥಗಳ ಪಟ್ಟಿಯಲ್ಲಿ ಐಎನ್‌ಎಸ್ ಅಂತ ಬರೆದು ಇವುಗಳಲ್ಲಿ ಯಾವುದಿದ್ದರೂ ಅದು ಸೇರಿಸಿದ ಫಾಸ್ಫೇಟ್. ಕಪ್ಪು ಕೋಲಾ, ಸಂಸ್ಕರಿಸಿದ ಚೀಸ್, ಪ್ಯಾಕೆಟ್ ಮಾಂಸದಲ್ಲಿ ಹೆಚ್ಚಾಗಿ ಸಿಗುತ್ತೆ. ಅಕ್ಷರ ಬಾರದಿದ್ದರೂ ಅಮ್ಮನಿಗೆ ಅಂಕಿ ಬರುತ್ತೆ. ಅಂಗಡಿಯಲ್ಲಿ ಪೊಟ್ಟಣ ತಿರುಗಿಸಿ, ಬೆರಳಿಟ್ಟು ಹುಡುಕಿ, ಬೇಡ ಅಂತ ವಾಪಸ್ ಇಡ್ತಾರೆ.